ಸೈಕಲ್ಲಿಗೂ ಕೀಲುನೋವು

ಸೀಟು ಹಿಡಿದು ಸೈಕಲ್ಲಿನ ಹಿಂಭಾಗವನ್ನು ಮೆಲ್ಲಗೆ ಮೇಲೆತ್ತಬೇಕು. ಚಕ್ರ ನೆಲ ಬಿಡುವ ಮುಂಚೆಯೇ ಸೀಟು ಕೂದಲೆಳೆಯಷ್ಟು ಮೇಲೆ ಬಂದು ಒಳಗೆಲ್ಲೋ ‘ಟಕ್’ ಎಂದರೆ ಕೀಲಿನ ಮೇಲೆ ಅನುಮಾನ ಪಡಬಹುದು. ಗುಡ್ಡದ ದಾರಿಯಲ್ಲಿ ಸೈಕಲ್ ಓಡಿಸುವವರಿಗೆ ಈ ಸದ್ದು ಹೊಸದಲ್ಲ. ಮೊದಮೊದಲು ಏರಿನಲ್ಲಿ ಪೆಡಲ್ ಒತ್ತುವಾಗ ಕಿರುಗುಟ್ಟುವಿಕೆ, ಆಮೇಲೆ ತಿರುವಿನಲ್ಲಿ ಹಿಂದಿನ ಚಕ್ರ ತನ್ನದೇ ದಾರಿ ಹಿಡಿದಂಥ ಅಳುಕು, ಕೊನೆಗೆ ಈ ‘ಟಕ್’.

ಹಾಲಿನವರ, ಪೇಪರ್ ಹಾಕುವ ಹುಡುಗರ ಸಾದಾ ಸೈಕಲ್ಲಿಗೆ ಈ ಕಾಯಿಲೆ ಬರುವುದಿಲ್ಲ. ಅದರ ಚೌಕಟ್ಟು ಒಂದೇ ತುಂಡು. ‘ಫುಲ್ ಸಸ್ಪೆನ್ಷನ್’ ಮೌಂಟನ್ ಬೈಕಿನ ಚೌಕಟ್ಟು ಹಾಗಲ್ಲ. ಸವಾರ ಕೂರುವ ಮುಂಭಾಗ ಒಂದು, ಹಿಂದಿನ ಚಕ್ರವನ್ನು ಹಿಡಿದುಕೊಂಡ ತೋಳು ಇನ್ನೊಂದು. ನಡುವೆ ಗಾಳಿಯದೋ ಸ್ಪ್ರಿಂಗಿನದೋ ಒಂದು ಶಾಕ್ ಅಬ್ಸಾರ್ಬರ್. ಕಲ್ಲು, ಬೇರು ಅಡ್ಡ ಬಂದಾಗ ಹಿಂದಿನ ತೋಳು ಮೇಲೆದ್ದು ಇಳಿಯಬೇಕು, ಆದರೆ ಪಕ್ಕಕ್ಕೆ ಒಂದಿಷ್ಟೂ ವಾಲಬಾರದು. ಆ ಕೆಲಸಕ್ಕೆಂದು ಅಲ್ಲಲ್ಲಿ ಕೀಲುಗಳಿವೆ. ಪ್ರತಿ ಕೀಲಿನ ಎರಡೂ ಬದಿಗೆ ಉಂಗುರದಂಥ ಪುಟ್ಟ ಬೇರಿಂಗುಗಳು. ಒಂದು ಸೈಕಲ್ಲಿನಲ್ಲಿ ಎಂಟೋ ಹತ್ತೋ, ಕೆಲವದರಲ್ಲಿ ಇನ್ನೂ ಹೆಚ್ಚು.

ಈ ಬೇರಿಂಗುಗಳ ಬದುಕು ವಿಚಿತ್ರ. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಸಾಗುತ್ತದೆ. 20 ಕಿಲೋಮೀಟರಿನ ಒಂದು ಬೆಳಗಿನ ಸವಾರಿಯಲ್ಲಿ ಅದರ ಬೇರಿಂಗು ಸುಮಾರು 8,700 ಬಾರಿ ಸುತ್ತುತ್ತದೆ. ಕೀಲಿನ ಬೇರಿಂಗಿನ ಲೆಕ್ಕವೇ ಬೇರೆ. ಹಿಂದಿನ ತೋಳು 440 ಮಿಲಿಮೀಟರ್ ಉದ್ದವಿದ್ದು, ಚಕ್ರ 150 ಮಿಲಿಮೀಟರ್ ಮೇಲೇರಿತು ಎಂದುಕೊಂಡರೂ ಬುಡದ ಕೀಲು ತಿರುಗುವುದು ಹೆಚ್ಚೆಂದರೆ 20 ಡಿಗ್ರಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ನಾಲ್ಕು ನಿಮಿಷವೂ ಆಗದು. ತನ್ನ ಇಡೀ ಆಯುಷ್ಯದಲ್ಲಿ ಆ ಬೇರಿಂಗು ಒಂದೇ ಒಂದು ಪೂರ್ತಿ ಸುತ್ತನ್ನೂ ಕಾಣುವುದಿಲ್ಲ. ಆದರೂ ಸಾಮಾನ್ಯವಾಗಿ ಮೊದಲು ಕೈಕೊಡುವುದು ಅದೇ. ಸುತ್ತಲೆಂದೇ ಹುಟ್ಟಿದ ವಸ್ತುವಿಗೆ ಸುತ್ತಲು ಬಿಡದಿದ್ದರೆ ಏನಾಗುತ್ತದೆ ಎಂಬುದು ಈ ರಿಪೇರಿಯ ಹಿಂದಿರುವ ಕಥೆ.

ಗ್ರೀಸು ಸುಟ್ಟ ಇಳಿಜಾರು

ಮೌಂಟನ್ ಬೈಕಿಗೂ ಗ್ರೀಸಿಗೂ ನಂಟು ಹುಟ್ಟಿನಿಂದಲೇ ಬಂದದ್ದು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಒಂದು ಕಡಿದಾದ ಮಣ್ಣಿನ ದಾರಿಯಿದೆ. 1976ರ ಅಕ್ಟೋಬರಿನಲ್ಲಿ ಅಲ್ಲಿನ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಏರಿ ಇಳಿಜಾರಿನ ಓಟ ನಡೆಸಿದರು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಹಬ್ಬಿನೊಳಗಿತ್ತು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬಗೆ. ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮುಂದಿನ ಓಟಕ್ಕೆ ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಲೇಬೇಕು. ಹಾಗಾಗಿಯೇ ಆ ದಾರಿಗೆ ‘ರೀಪ್ಯಾಕ್’, ಅಂದರೆ ಮತ್ತೆ ತುಂಬು, ಎಂಬ ಹೆಸರು ಬಿತ್ತು. ಅಲ್ಲಿ ಓಡಿಸಿದ ಜೋ ಬ್ರೀಜ್, ಗ್ಯಾರಿ ಫಿಶರ್ ಮುಂತಾದವರೇ ಮುಂದೆ ಮೌಂಟನ್ ಬೈಕ್ ಉದ್ಯಮದ ಮೊದಲಿಗರಾದರು.

ಆಗಿನ ಸೈಕಲ್ಲುಗಳಿಗೆ ಸಸ್ಪೆನ್ಷನ್ ಇರಲಿಲ್ಲ. 1990ರ ದಶಕದಲ್ಲಿ ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಬಂದಾಗ ಕೀಲುಗಳ ಸಂಖ್ಯೆ ಏರಿತು. ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮೋಟೊಕ್ರಾಸ್ ಸವಾರ ಹೋರ್ಸ್ಟ್ ಲೈಟ್ನರ್ ಹಿಂದಿನ ಅಚ್ಚಿನ ಮುಂದೆಯೇ ಒಂದು ಹೆಚ್ಚುವರಿ ಕೀಲು ಇಟ್ಟು ಪೇಟೆಂಟ್ ಪಡೆದರು. ಬ್ರೇಕು ಹಿಡಿದಾಗಲೂ ಸಸ್ಪೆನ್ಷನ್ ಸಲೀಸಾಗಿ ಕೆಲಸ ಮಾಡಲೆಂಬುದು ಅದರ ಉದ್ದೇಶಗಳಲ್ಲೊಂದು. ‘ಹೋರ್ಸ್ಟ್ ಲಿಂಕ್’ ಎಂದೇ ಹೆಸರಾದ ಆ ಕೀಲು ಇಂದಿಗೂ ಹತ್ತಾರು ಕಂಪನಿಗಳ ಸೈಕಲ್ಲುಗಳಲ್ಲಿದೆ. ಸವಾರಿಯ ಸುಖ ಹೆಚ್ಚಿತು, ಜೊತೆಗೆ ಸವೆಯುವ ಜಾಗಗಳೂ ಹೆಚ್ಚಿದವು.

ಕೀಲಿನ ಬೇರಿಂಗು ಸವೆಯುವ ಮಾಲೇ ಎಂದು ತಯಾರಕರೂ ಒಪ್ಪುತ್ತಾರೆ. ಕ್ಯಾಲಿಫೋರ್ನಿಯದ ಸಾಂಟಾ ಕ್ರೂಜ್ ಕಂಪನಿ ತನ್ನ ಸೈಕಲ್ಲಿನ ಮೊದಲ ಮಾಲೀಕರಿಗೆ ಕೀಲಿನ ಬೇರಿಂಗುಗಳನ್ನು ಆಜೀವ ಪುಕ್ಕಟೆ ಕೊಡುತ್ತದೆ. ಅದರ ಹಲವು ಮಾದರಿಗಳ ಕೆಳಗಿನ ಕೀಲಿನಲ್ಲಿ ಗ್ರೀಸ್ ಗನ್ನಿನ ಮೂತಿ ಇಡಲು ಪುಟ್ಟ ರಂಧ್ರವೂ ಇದೆ.

ನಿಂತಲ್ಲೇ ಬೀಳುವ ಗುಳಿ

ಬಾಲ್ ಬೇರಿಂಗ್ ಎಂದರೆ ಒಂದರೊಳಗೊಂದು ಎರಡು ಉಕ್ಕಿನ ಬಳೆಗಳು, ನಡುವಿನ ಕಾಲುವೆಯಲ್ಲಿ ಉರುಳುವ ಗುಂಡುಗಳು. ಸೈಕಲ್ಲಿಗೆ ಇದು ಹಳೆಯ ಒಡನಾಡಿ. ಪ್ಯಾರಿಸ್ಸಿನ ಸೈಕಲ್ ಮೆಕ್ಯಾನಿಕ್ ಜೂಲ್ ಸ್ಯುರಿರೇ 1869ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಚಕ್ರ ಸುತ್ತಿದಂತೆ ಗುಂಡುಗಳು ಉರುಳುತ್ತವೆ, ಉರುಳಿದಂತೆ ಗ್ರೀಸನ್ನು ಎಳೆದುಕೊಂಡು ಕಾಲುವೆಯ ತುಂಬ ತೆಳ್ಳಗೆ ಬಳಿಯುತ್ತವೆ. ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಆ ತೆಳು ಪದರ.

ಕೀಲಿನಲ್ಲಿ ಗುಂಡು ಪೂರ್ತಿ ಉರುಳುವುದೇ ಇಲ್ಲ. ಒಂದೇ ಜಾಗದಲ್ಲಿ ಹಿಂದಕ್ಕೊಂದಿಷ್ಟು, ಮುಂದಕ್ಕೊಂದಿಷ್ಟು. ಕೆಳಗಿದ್ದ ಗ್ರೀಸು ಅಕ್ಕಪಕ್ಕಕ್ಕೆ ಸರಿದು ಅಲ್ಲೇ ದಿಂಡಾಗಿ ನಿಲ್ಲುತ್ತದೆ, ಮರಳಿ ಬರುವುದಿಲ್ಲ. ಒಣಗಿದ ಆ ಚುಕ್ಕೆಯ ಮೇಲೆ ಸವಾರನ ಭಾರ, ಬಂಡೆಯಿಂದ ಧುಮುಕಿದ ಪೆಟ್ಟು, ಎಲ್ಲವೂ ಬೀಳುತ್ತವೆ. ಪ್ರತಿ ಗುಂಡೂ ತನ್ನ ಕೆಳಗೆ ಒಂದು ಗುಳಿ ತೋಡಿಕೊಳ್ಳುತ್ತದೆ.

1930ರ ದಶಕದ ಅಮೆರಿಕದಲ್ಲಿ ಇದೇ ಬಗೆಯ ತೊಂದರೆ ಕಾರು ತಯಾರಕರನ್ನು ಕಾಡಿತ್ತು. ರೈಲಿನಲ್ಲಿ ದೂರದ ಊರಿಗೆ ಕಳಿಸಿದ ಹೊಚ್ಚ ಹೊಸ ಕಾರುಗಳ ಚಕ್ರದ ಬೇರಿಂಗುಗಳು ತಲುಪುವಷ್ಟರಲ್ಲಿ ಹಾಳಾಗಿರುತ್ತಿದ್ದವು. ಒಂದು ಮೈಲಿಯೂ ಓಡದ ಕಾರು! ರೈಲಿನ ಅದುರಾಟಕ್ಕೆ ಗುಂಡುಗಳು ನಿಂತಲ್ಲೇ ತಿಕ್ಕಿ ಗುಳಿ ಬಿದ್ದಿದ್ದವು. ಎಂಜಿನಿಯರುಗಳು ಇದನ್ನು ‘ಫಾಲ್ಸ್ ಬ್ರಿನೆಲಿಂಗ್’ ಎನ್ನುತ್ತಾರೆ. ಗಟ್ಟಿ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯನ್ನು ಅಳೆದು ಗಡಸುತನ ಹೇಳುವ ವಿಧಾನವನ್ನು 1900ರಲ್ಲಿ ಮುಂದಿಟ್ಟ ಸ್ವೀಡನ್ನಿನ ಎಂಜಿನಿಯರ್ ಬ್ರಿನೆಲ್ ಅವರ ಹೆಸರು ಇಲ್ಲಿ ಸೇರಿಕೊಂಡಿದೆ. ಒಂದೇ ಭಾರಿ ಒತ್ತಡಕ್ಕೆ ಬಿದ್ದ ಗುಳಿ ‘ನಿಜವಾದ’ ಬ್ರಿನೆಲಿಂಗ್, ಅದುರಿ ತಿಕ್ಕಿ ಆದದ್ದು ‘ಸುಳ್ಳು’. ಸೈಕಲ್ಲಿನ ಕೀಲಿಗೆ ಎರಡೂ ತಪ್ಪಿದ್ದಲ್ಲ.

ಇದರ ಮೇಲೆ ನೀರು, ಕೆಸರು, ದೂಳು. ಬ್ರಿಟನ್ನಿನ ಚಳಿಗಾಲದ ಕೆಸರಿಗೂ ಮಲೆನಾಡಿನ ಮಳೆಗಾಲದ ಕೆಂಪು ಮಣ್ಣಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸವಾರಿ ಮುಗಿದ ಮೇಲೆ ವಾಟರ್ ಸರ್ವಿಸಿನವರ ಪ್ರೆಷರ್ ಪೈಪು ಹಿಡಿದು ಕೀಲಿಗೇ ನೀರು ಹೊಡೆದರಂತೂ ರಬ್ಬರ್ ಸೀಲಿನ ಅಂಚು ದಾಟಿ ಮಣ್ಣುನೀರು ಒಳಗೇ ಹೋಗುತ್ತದೆ. ಹೊರಗೆ ಥಳಥಳ, ಒಳಗೆ ತುಕ್ಕು.

ಸವೆತ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಸವಾರನಿಗೆ ಗೊತ್ತಾಗುತ್ತದೆ. ಎಡಬಲದ ಬೇರಿಂಗುಗಳ ನಡುವೆ 70 ಮಿಲಿಮೀಟರ್ ಅಂತರವಿದ್ದು, ಅಲ್ಲಿ 0.1 ಮಿಲಿಮೀಟರಿನಷ್ಟು ಸಡಿಲ ಬಂದರೆ, 440 ಮಿಲಿಮೀಟರ್ ಆಚೆಗಿನ ಅಚ್ಚಿನಲ್ಲಿ ಅದು 0.6 ಮಿಲಿಮೀಟರ್ ಆಗುತ್ತದೆ. ಟೈರಿನ ತುದಿಯಲ್ಲಿ ಇನ್ನೂ ಹೆಚ್ಚು.

6902 ಎಂಬ ವಿಳಾಸ

ವಿದೇಶಿ ಸೈಕಲ್ ಕೊಂಡವರ ದೊಡ್ಡ ಚಿಂತೆ ಬಿಡಿಭಾಗಗಳದು. ಶಾಕ್ ಅಬ್ಸಾರ್ಬರಿನ ಒಂದು ಸೀಲಿಗೂ ವಾರಗಟ್ಟಲೆ ಕಾಯಬೇಕಾಗುವುದುಂಟು. ಬೇರಿಂಗಿನ ಮಟ್ಟಿಗೆ ಆ ಚಿಂತೆ ಬಹುಪಾಲು ಇಲ್ಲ, ಏಕೆಂದರೆ ಅದರ ಮೈಮೇಲೆಯೇ ವಿಳಾಸ ಬರೆದಿರುತ್ತದೆ.

ರಬ್ಬರ್ ಸೀಲನ್ನು ಒರೆಸಿ ನೋಡಿದರೆ ‘6902-2ಆರ್‌ಎಸ್’ ಎಂದೇನೋ ಕಾಣುತ್ತದೆ. ಮೊದಲಿನ 6 ಎಂದರೆ ಒಂದು ಸಾಲು ಗುಂಡುಗಳ, ಆಳ ಕಾಲುವೆಯ ಬೇರಿಂಗು. 9 ಎಂಬುದು ಬಳೆಗಳ ದಪ್ಪ ಹೇಳುತ್ತದೆ, ಇದು ತೆಳು ಜಾತಿ. ಕೊನೆಯ ಎರಡಂಕಿ ಒಳಗಿನ ತೂತಿನ ಅಳತೆ: 00 ಇದ್ದರೆ 10 ಮಿಲಿಮೀಟರ್, 01 ಇದ್ದರೆ 12, 02 ಇದ್ದರೆ 15, 03 ಇದ್ದರೆ 17. ಅಲ್ಲಿಂದ ಮುಂದೆ ಐದರಿಂದ ಗುಣಿಸಿದರಾಯಿತು. 2ಆರ್‌ಎಸ್ ಎಂದರೆ ಎರಡೂ ಬದಿಗೆ ರಬ್ಬರ್ ಸೀಲು. 6902ರ ಪೂರ್ತಿ ಅಳತೆ 15–28–7: ಒಳಗೆ 15, ಹೊರಗೆ 28, ಅಗಲ 7 ಮಿಲಿಮೀಟರ್.

ಮನೆಯ ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿರುವ 6202 ಇದರ ದಾಯಾದಿ. ಕೊನೆಯಲ್ಲಿ ಅದೇ 02, ಒಳಗಿನ ತೂತು ಅದೇ 15. ಆದರೆ ಹೊರಗೆ 35, ಅಗಲ 11. ಗ್ಯಾರೇಜಿನಲ್ಲಿ ಬಿಸಾಕಿದ ಬೇರಿಂಗು ಬೇಡಿ ತಂದು ಹಲಗೆಗೆ ಸಿಕ್ಕಿಸಿ ಬೇರಿಂಗ್ ಗಾಡಿ ಮಾಡಿಕೊಂಡು ಊರೆಲ್ಲ ಗಡಗಡ ಎನ್ನಿಸಿದವರಿಗೆ ಈ ದಪ್ಪ ಜಾತಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ತೂಕ ಉಳಿಸಲೆಂದು ಸೈಕಲ್ಲಿನವರು ತೆಳು ಜಾತಿ ಹಿಡಿದರು.

ಈ ಅಳತೆಗಳಿಗೆ ಅಂತರರಾಷ್ಟ್ರೀಯ ಮಾನಕವಿರುವುದರಿಂದ ಯಾವ ದೇಶದ, ಯಾವ ಕಂಪನಿಯ 6902 ಆದರೂ ಒಂದೇ ಅಳತೆ. ಸ್ವೀಡನ್ನಿನ ಎಸ್‌ಕೆಎಫ್‌ಗೆ ಬೆಂಗಳೂರಿನ ಬೊಮ್ಮಸಂದ್ರದಲ್ಲೇ ಕಾರ್ಖಾನೆಯಿದೆ. ತುರಹಳ್ಳಿ ಕಾಡಿನಲ್ಲಿ ಸೈಕಲ್ ತುಳಿಯುವವರು ಕೀಲಿನ ಬೇರಿಂಗಿಗಾಗಿ ಕ್ಯಾಲಿಫೋರ್ನಿಯದತ್ತ ನೋಡುವ ಮೊದಲು ಎಸ್‌ಪಿ ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿ ನೋಡಬಹುದು.

ಆದರೆ ಎರಡು ಎಚ್ಚರ. ಕೆಲವು ಚೌಕಟ್ಟುಗಳಿಗೆ ಒಳಬಳೆ ಒಂದು ಬದಿಗೆ ಉದ್ದವಾಗಿ ಚಾಚಿದ ವಿಶೇಷ ಬೇರಿಂಗು ಬೇಕು. ಅಲ್ಲಿ ಸಾದಾ ಬೇರಿಂಗು ಹಾಕಿದರೆ ತೋಳು ಚೌಕಟ್ಟಿಗೆ ಉಜ್ಜುತ್ತದೆ. ಎರಡನೆಯದು, ಕೀಲಿಗೆಂದೇ ಮಾಡಿದ ಬೇರಿಂಗುಗಳಲ್ಲಿ ಗುಂಡುಗಳನ್ನು ಬಿಡಿಬಿಡಿಯಾಗಿ ಇಡುವ ಪಂಜರವಿರುವುದಿಲ್ಲ, ಕಾಲುವೆಯ ತುಂಬ ಗುಂಡುಗಳೇ ಇರುತ್ತವೆ. ವೇಗವಾಗಿ ಸುತ್ತಿದರೆ ಗುಂಡಿಗೆ ಗುಂಡು ತಿಕ್ಕುವ ಈ ಏರ್ಪಾಡು ಚಕ್ರಕ್ಕೆ ಒಗ್ಗದು. 20 ಡಿಗ್ರಿ ಅಲುಗುವ ಕೀಲಿಗಾದರೋ ವರ, ಅಷ್ಟೇ ಭಾರವನ್ನು ಹೆಚ್ಚು ಗುಂಡುಗಳು ಹಂಚಿಕೊಳ್ಳುತ್ತವೆ. ಇಂಥವು ಬೇಕೆಂದರೆ ಸೈಕಲ್ಲಿನ ಅಂಗಡಿಯನ್ನೇ ಕೇಳಬೇಕು. ಸೆರಾಮಿಕ್ ಗುಂಡುಗಳಿಗೆ ದುಡ್ಡು ಸುರಿಯುವುದು ಮಾತ್ರ ದಂಡ. ಅವುಗಳ ಹೆಚ್ಚುಗಾರಿಕೆ ಇರುವುದು ವೇಗದಲ್ಲಿ.

ಬಿಚ್ಚುವ ಕಲೆ

ಬಿಚ್ಚುವ ಮೊದಲು ತಪ್ಪಿತಸ್ಥ ಯಾರೆಂದು ಖಾತ್ರಿಯಾಗಬೇಕು. ಒಬ್ಬರು ಸೀಟು ಎತ್ತಿ ಇಳಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಕೀಲಿನ ಸಂದಿಗೆ ಬೆರಳ ತುದಿ ಇಟ್ಟು ನೋಡಲಿ. ಎಲ್ಲಿ ಟಕ್ ಎನ್ನುತ್ತದೋ ಬೆರಳಿಗೆ ಅಲ್ಲೇ ತಿಳಿಯುತ್ತದೆ. ಎಷ್ಟೋ ಸಲ ಕಾರಣ ಬೇರಿಂಗೇ ಆಗಿರುವುದಿಲ್ಲ. ಹಿಂದಿನ ಹಬ್ಬು ಸಡಿಲಾಗಿರಬಹುದು, ಬೋಲ್ಟು ಬಿಟ್ಟಿರಬಹುದು, ಶಾಕ್ ಅಬ್ಸಾರ್ಬರಿನ ಎರಡು ತುದಿಯ ಬುಷ್ ಸವೆದಿರಬಹುದು. ಆಮೇಲೆ ಹಿಂದಿನ ಚಕ್ರ ತೆಗೆದು, ಶಾಕ್ ಕಳಚಿ, ತೋಳನ್ನು ಬರಿಗೈಯಲ್ಲಿ ಏರಿಳಿಸಬೇಕು. ನುಣುಪಾಗಿ ಸರಿಯುವ ಬದಲು ಅಲ್ಲಲ್ಲಿ ತಡೆದು, ಮೆಟ್ಟಿಲು ಇಳಿದಂತೆ ಕಡಕಡ ಎಂದರೆ ಬೇರಿಂಗಿನ ಕಾಲ ಮುಗಿದಿದೆ.

ಕಡಕಡ ಇಲ್ಲ, ಬರೀ ಒಣಗಿದೆ ಎನ್ನಿಸಿದರೆ ಬದಲಿಸುವ ಗೋಜೇ ಬೇಡ. ಸೀಲಿನ ಅಂಚಿಗೆ ಸೂಜಿ ಸಿಕ್ಕಿಸಿ ಮೆಲ್ಲಗೆ ಎಬ್ಬಿಸಿ, ಹಳೆಯ ಕೊಳೆ ತೊಳೆದು, ನೀರಿಗೆ ಜಗ್ಗದ ಗ್ರೀಸನ್ನು ಭರ್ತಿ ತುಂಬಿ ಸೀಲು ಮುಚ್ಚಿದರೆ ಸಾಕು. ವೇಗವಾಗಿ ಸುತ್ತುವ ಬೇರಿಂಗಿಗೆ ಗ್ರೀಸು ಕಿಕ್ಕಿರಿದರೆ ಬಿಸಿಯೇರುತ್ತದೆ ಎಂದು ಸ್ವಲ್ಪವೇ ಹಾಕುವುದು ವಾಡಿಕೆ. ಸುತ್ತದ ಕೀಲಿಗೆ ಆ ಭಯವಿಲ್ಲ. ಹುಲ್ಲು ಸುಟ್ಟ ಬೂದಿಗೆ ಹರಳೆಣ್ಣೆ ಕಲಸಿ ಕೀಲೆಣ್ಣೆ ಮಾಡಿ ಗಾಡಿಯ ಅಚ್ಚಿಗೆ ಧಾರಾಳವಾಗಿ ಬಳಿಯುತ್ತಿದ್ದ ರೈತರ ಕೈ ಇಲ್ಲಿ ನೆನಪಾಗಬೇಕು.

ಬದಲಿಸುವುದೇ ಸರಿ ಎಂದಾದರೆ ಮೊದಲ ಉಪಕರಣ ಮೊಬೈಲು. ಪ್ರತಿ ಹಂತದಲ್ಲೂ ಒಂದು ಫೋಟೊ. ಎರಡನೆಯದು ಖಾಲಿ ಮೊಟ್ಟೆ ಟ್ರೇ: ಬಿಚ್ಚಿದ ಕ್ರಮದಲ್ಲೇ ಬೋಲ್ಟು, ವಾಷರು ಒಂದೊಂದು ಗುಳಿಗೆ. ಕೂದಲಿನಷ್ಟು ತೆಳುವಾದ ವಾಷರೊಂದು ಎಡಬಲ ಅದಲುಬದಲಾದರೂ ಕೊನೆಗೆ ತೋಳು ಬಿಗಿದುಕೊಳ್ಳುತ್ತದೆ. ಬೋಲ್ಟಿನ ತಲೆಯಲ್ಲಿ ಕೂತ ಮಣ್ಣನ್ನು ಸೂಜಿಯಿಂದ ಕೆರೆದು, ಅಲೆನ್ ಕೀ ಬುಡದವರೆಗೆ ಇಳಿದ ಮೇಲೆಯೇ ತಿರುಗಿಸಬೇಕು. ಅರ್ಧ ಇಳಿದ ಕೀ ಬೋಲ್ಟಿನ ಆರು ಮೂಲೆಯನ್ನು ದುಂಡಗೆ ಮಾಡಿಬಿಟ್ಟರೆ ಒಂದು ಸಂಜೆಯ ಕೆಲಸ ಒಂದು ವಾರಕ್ಕೆ ಎಳೆಯುತ್ತದೆ.

ಬೇರಿಂಗು ಹೊರತೆಗೆಯಲು ಹಲವರು ಸುತ್ತಿಗೆ ಹಿಡಿಯುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಹಾರ್ಡ್‌ವೇರ್ ಅಂಗಡಿಯ ಒಂದು ಥ್ರೆಡ್ ರಾಡ್, ಎರಡು ನಟ್ಟು, ನಾಲ್ಕಾರು ದಪ್ಪ ವಾಷರು, ಮೆಕ್ಯಾನಿಕ್ ಪೆಟ್ಟಿಗೆಯ ಎರಡು ಸಾಕೆಟ್. 6902 ಆದರೆ ಒಂದು ಬದಿಗೆ ಹೊರವ್ಯಾಸ 28 ಮಿಲಿಮೀಟರಿಗಿಂತ ತುಸು ಸಣ್ಣದಾದ ಸಾಕೆಟ್, ಅದು ಬೇರಿಂಗನ್ನು ನೂಕುತ್ತದೆ. ಇನ್ನೊಂದು ಬದಿಗೆ ಒಳವ್ಯಾಸ 28ಕ್ಕಿಂತ ದೊಡ್ಡದಾದ ಸಾಕೆಟ್, ಅದು ಚೌಕಟ್ಟಿಗೆ ಆನಿಕೊಂಡು ಹೊರಬರುವ ಬೇರಿಂಗನ್ನು ತನ್ನೊಳಗೆ ಬರಮಾಡಿಕೊಳ್ಳುತ್ತದೆ. ನಡುವೆ ರಾಡು ತೂರಿಸಿ ಸ್ಪ್ಯಾನರಿನಿಂದ ನಟ್ಟು ತಿರುವಿದರೆ ಬೇರಿಂಗು ಒಂದು ಸಲ ‘ಟಪ್’ ಎಂದು ಬಿಟ್ಟು, ಆಮೇಲೆ ಸಲೀಸಾಗಿ ಸರಿಯುತ್ತದೆ. ಹಿಂದಿನಿಂದ ನೂಕಲು ದಾರಿಯೇ ಇಲ್ಲದ ಕುರುಡು ಗುಂಡಿಯಾದರೆ, ತೂತಿನೊಳಗೆ ಹಿಗ್ಗಿ ಹಿಡಿದು ಎಳೆಯುವ ಪುಲ್ಲರ್ ಬೇಕು.

ಅಲ್ಯೂಮಿನಿಯಂ ಚೌಕಟ್ಟಿಗೆ ಬಿಸಿ ಸಹಾಯಕ್ಕೆ ಬರುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುವ ಲೋಹ. 28 ಮಿಲಿಮೀಟರಿನ ಗುಂಡಿಯನ್ನು 80 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಅದು 0.05 ಮಿಲಿಮೀಟರ್ ಅಗಲವಾಗುತ್ತದೆ. ಬೇರಿಂಗಿನ ಬಿಗಿ ಇರುವುದೇ ಇಂಥ ನೂರರಲ್ಲೊಂದು ಪಾಲು ಮಿಲಿಮೀಟರುಗಳಲ್ಲಿ. ಕಾರ್ಬನ್ ಚೌಕಟ್ಟಿಗೆ ಮಾತ್ರ ಬಿಸಿಯೂ ಬೇಡ, ಸುತ್ತಿಗೆಯೂ ಬೇಡ. ಅಲ್ಲಿ ಪದರಗಳನ್ನೂ ಲೋಹದ ಬಳೆಗಳನ್ನೂ ಹಿಡಿದಿಟ್ಟಿರುವುದು ಅಂಟು.

ಎದೆ ಧಸಕ್ಕೆನ್ನುವ ಗಳಿಗೆ ಇನ್ನೊಂದಿದೆ. ತುಕ್ಕು ಹಿಡಿದ ಬೇರಿಂಗನ್ನು ನೂಕಿದಾಗ ಒಳಬಳೆ, ಗುಂಡುಗಳು ಪುಳಪುಳನೆ ಉದುರಿ, ಹೊರಬಳೆಯೊಂದೇ ಚೌಕಟ್ಟಿನಲ್ಲಿ ಉಳಿದುಬಿಡುತ್ತದೆ. ಹಿಡಿಯಲು ಅಂಚಿಲ್ಲ, ನೂಕಲು ತಾವಿಲ್ಲ. ಬಳೆಯ ಕಾಲುವೆಗೇ ಕಚ್ಚಿಕೊಳ್ಳುವ ಪುಲ್ಲರ್ ಇದ್ದರೆ ಸರಿ. ಇಲ್ಲದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಲು ಹೋಗದೆ ಬಲ್ಲ ಮೆಕ್ಯಾನಿಕ್ ಹತ್ತಿರ ಒಯ್ಯುವುದು ಕ್ಷೇಮ. ಬೇರಿಂಗು ಕೂರುವ ಗುಂಡಿಗೆ ಗೀರು ಬಿದ್ದರೆ ಹೋಗುವುದು ಚೌಕಟ್ಟು.

ಹೊರಬಳೆಯ ನಿಯಮ

ಗುಂಡಿಯನ್ನು ಒರೆಸಿ, ತೆಳ್ಳಗೆ ಗ್ರೀಸು ಸವರಿ, ಹೊಸ ಬೇರಿಂಗನ್ನು ಕೂರಿಸುವಾಗ ಮರೆಯಬಾರದ ಸಂಗತಿ ಒಂದೇ: ಒತ್ತಡ ಬೀಳಬೇಕಾದದ್ದು ಹೊರಬಳೆಯ ಮೇಲೆ. ಚೌಕಟ್ಟಿಗೆ ಬಿಗಿಯಾಗಿ ಕೂರುವುದು ಹೊರಬಳೆ. ಒಳಬಳೆಯನ್ನು ಹಿಡಿದು ನೂಕಿದರೆ ಆ ಬಲವೆಲ್ಲ ಗುಂಡುಗಳ ಮೂಲಕವೇ ಹಾಯ್ದು ಹೊರಬಳೆಗೆ ತಲುಪಬೇಕು. ವರ್ಷಾನುಗಟ್ಟಲೆ ಸವಾರಿ ತೋಡುವ ಗುಳಿಯನ್ನು ಆಗ ನಟ್ಟಿನ ಎರಡು ತಿರುವು ತೋಡಿಬಿಡುತ್ತದೆ. ಬಿಚ್ಚುವಾಗ ಈ ನಿಯಮ ಮುರಿದರೂ ನಷ್ಟವಿಲ್ಲ, ಹಳೆಯದು ಹೇಗೂ ಗುಜರಿಗೆ. ಹಾಕುವಾಗ ಮುರಿದರೆ ಹೊಸದೂ ಹಳೆಯದರ ಹಾಗೆಯೇ.

ಅದಕ್ಕೇ ನೂಕುವ ಸಾಕೆಟ್ಟಿನ ಅಂಚು ಹೊರಬಳೆಯ ಮೇಲಷ್ಟೇ ಕೂರಬೇಕು. ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟರೆ ನೂರರಲ್ಲೊಂದು ಪಾಲು ಮಿಲಿಮೀಟರಿನಷ್ಟು ಕುಗ್ಗಿ ಅದೂ ಒಂದಿಷ್ಟು ನೆರವಾಗುತ್ತದೆ. ಮೊದಲ ಒಂದೆರಡು ಮಿಲಿಮೀಟರ್ ನೇರವಾಗಿ ಇಳಿಯಿತೇ ಎಂದು ನಾಲ್ಕೂ ದಿಕ್ಕಿನಿಂದ ನೋಡಬೇಕು. ಸೊಟ್ಟಗಾದರೆ ಬಲ ಹಾಕಿ ಸರಿಮಾಡಲು ಹೋಗದೆ ಹೊರತೆಗೆದು ಮೊದಲಿಂದ ಶುರುಮಾಡಬೇಕು. ತಳ ಮುಟ್ಟಿದಾಗ ಸ್ಪ್ಯಾನರಿಗೆ ಥಟ್ಟನೆ ಗಟ್ಟಿ ತಾಗುತ್ತದೆ. ಅಲ್ಲಿಗೆ ನಿಲ್ಲಿಸುವುದು.

ಬೋಲ್ಟುಗಳ ಥ್ರೆಡ್ ಒರೆಸಿ, ತಯಾರಕರು ಹೇಳಿದ ಕಡೆ ಬೋಲ್ಟು ಬಿಡದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟನ್ನು ಒಂದು ಹನಿ ಹಾಕಿ, ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಷ್ಟು ನ್ಯೂಟನ್-ಮೀಟರ್ ಎಂಬುದು ಮಾದರಿಯಿಂದ ಮಾದರಿಗೆ, ಒಂದೇ ಸೈಕಲ್ಲಿನಲ್ಲಿ ಕೀಲಿನಿಂದ ಕೀಲಿಗೆ ಬೇರೆ. ಅದನ್ನು ಕೈಪಿಡಿಯೇ ಹೇಳಬೇಕು, ಕೈಯಂದಾಜು ನಡೆಯದು. ಶಾಕ್ ಜೋಡಿಸುವ ಮುನ್ನ ತೋಳನ್ನು ಮತ್ತೊಮ್ಮೆ ಏರಿಳಿಸಿದರೆ ಹೊಸ ಸೀಲುಗಳ ಸಣ್ಣ ಹಿಡಿತವೊಂದು ಬಿಟ್ಟು ಬೇರೇನೂ ಕೈಗೆ ತಾಗಬಾರದು. ಮೊದಲ ಒಂದೆರಡು ಸವಾರಿಯ ನಂತರ ಬೋಲ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.

ತೆಗೆದ ಹಳೆಯ ಬೇರಿಂಗನ್ನು ಎಸೆಯುವ ಮೊದಲು ಅದರ ಸೀಲು ಕಿತ್ತು, ಒಳಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಒಡೆದು ನೋಡಬಹುದು. ಹೊರಬಳೆಯ ಕಾಲುವೆಯಲ್ಲಿ, ಭಾರ ಬೀಳುತ್ತಿದ್ದ ಬದಿಗೆ, ಗುಂಡಿಗೊಂದರಂತೆ ಸಾಲಾಗಿ ಕಂದು ಬಣ್ಣದ ಗುಳಿಗಳು ಕಾಣುತ್ತವೆ. ಎರಡು ಗುಳಿಗಳ ನಡುವಿನ ಜಾಗದಲ್ಲಿ, ಯಾವ ಗುಂಡೂ ಒಮ್ಮೆಯೂ ಹಾಯದ ಕಡೆ, ಉಕ್ಕು ಕಾರ್ಖಾನೆಯಿಂದ ಬಂದ ದಿನದ ಹಾಗೆಯೇ ಕನ್ನಡಿಯಂತೆ ಹೊಳೆಯುತ್ತಿರುತ್ತದೆ.